ಹಸಿರು ಎಂಬ ಗುಣವಾಚಕ

ಚೂಸ್ತ್, ೯ ಜನವರಿ ೧೯೮೪

ಪ್ರಿಯ ಹುಲ್ಕರ್,

ಸನೋಬರಳನ್ನು ಮನೆಗೆ ಕಳಿಸುವಾಗ ನಿನ್ನ ಆಸ್ಪತ್ರೆಯವರು ಕೊಟ್ಟ ಕಾಗದದಲ್ಲಿ, 'ರೋಗಿಯು ಹನ್ನೊಂದನೆಯ ವಯಸ್ಸಿನಲ್ಲಿ ಹತ್ತಿಯ ಹೊಲದಲ್ಲಿ ಕುಸಿದುಬಿದ್ದು ಕಾಯಿಲೆಗೆ ತುತ್ತಾದಳು' ಎಂದು ನೀನು ಬರೆದಿರುವೆ. ಇದು ಸರಿಯಲ್ಲ. ಅವಳಿಗೆ ಆಗ ಒಂಬತ್ತು ವರ್ಷ. ಸ್ಥಳ ಹತ್ತಿಯ ಹೊಲವಲ್ಲ, ನನ್ನ ತರಗತಿ. ಅವಳು ಕುಸಿದು ಬೀಳಲೂ ಇಲ್ಲ. ಹತ್ತು ದಿನ ಗಂಟಲು ನೋಯುತ್ತಿತ್ತು. ನಾನು ಹಿಪ್ಪುನೇರಳೆಯ ಪಾಕವನ್ನು ನೆಕ್ಕಿಸಿ ಶಾಲೆಗೆ ಕರೆತಂದಿದ್ದೆ. ಪದ್ಯ ಒಪ್ಪಿಸಲು ಹೆಸರು ಕರೆದಾಗ ಮೊಣಕಾಲು ಊದಿಕೊಂಡು ಅವಳಿಂದ ಏಳಲಾಗಲಿಲ್ಲ, ಅಷ್ಟೆ. ಆ ಕೀಲುನೋವಿನ ಜ್ವರವೇ ಹೃದಯದ ಕವಾಟವನ್ನು ತಿಂದುಹಾಕಿತೆಂದು ಇಪ್ಪತ್ತು ವರ್ಷಗಳ ಮೇಲೆ ನೀವು ವೈದ್ಯರು ಹೇಳಿದಿರಿ. ಅಂದು ಅದೇ ತರಗತಿಯ ಮೂರನೆಯ ಸಾಲಿನಲ್ಲಿ ಅವಳ ಗೆಳತಿ ನೀನೂ ಕುಳಿತಿದ್ದೆ. ತಾಷ್ಕೆಂಟಿನ ರಷ್ಯನ್ ಶಾಲೆಗೆ ಹೋದ ಮೇಲೆ ಇಲ್ಲಿಯದು ಮರೆತಿರಬಹುದು. ದಯವಿಟ್ಟು ತಿದ್ದಿಸು. ನನ್ನ ಮಗಳ ವಿಷಯದಲ್ಲಿ ತಪ್ಪು ವಾಕ್ಯವೊಂದು ಸರಕಾರಿ ಕಡತದಲ್ಲಿ ಉಳಿಯಕೂಡದು.

ಅವಳು ಚೆನ್ನಾಗಿದ್ದಾಳೆ. ನೀವು ಕೂರಿಸಿದ ಲೋಹದ ಕವಾಟ ಟಿಕ್ ಟಿಕ್ ಎನ್ನುವುದು ಕೋಣೆಯ ಆಚೆ ಬದಿಗೂ ಕೇಳಿಸುತ್ತದೆ. ನೆರೆಮನೆಯ ಅಂಜಿರತ್ ಅಜ್ಜಿ ಮೊದಲ ದಿನವೇ ಕಿವಿ ನಿಮಿರಿಸಿ, "ಏನೇ ಸನೋಬರ್, ತಾಷ್ಕೆಂಟಿಗೆ ಹೋಗಿ ಗಡಿಯಾರ ನುಂಗ್ಕೊಂಡು ಬಂದ್ಯೇನೇ?" ಎಂದಳು. "ಹೂಂ ಅಜ್ಜಿ, ಇನ್ಮೇಲೆ ಟೈಮ್ ಬೇಕಾದ್ರೆ ನನ್ನ ಎದೆಗೆ ಕಿವಿ ಇಡು. ದಿನಾ ಕೀಲಿ ಕೊಡೋದು ಮಾತ್ರ ನಿನ್ನ ಕೆಲಸ" ಎಂದಳು ಇವಳು. ನಾನು ಇಬ್ಬರನ್ನೂ ಗದರಿದೆ. ಗಡಿಯಾರವನ್ನು ನುಂಗುವುದಿಲ್ಲ, ಧರಿಸುತ್ತಾರೆ.

ಮಕ್ಕಳಾಗುವುದಿಲ್ಲವೆಂದು ಗಂಡನ ಮನೆಯವರು ತಿರುಗಿ ಕಳಿಸಿದ ಮೇಲೆ ಅವಳು ನನ್ನವಳೇ. ನನಗೂ ಅವಳಲ್ಲದೆ ಯಾರಿಲ್ಲ. ಮತ್ತೆ ಟೋಪಿ ಕಸೂತಿಗೆ ಕುಳಿತಿದ್ದಾಳೆ. ಊಟದ ಪಥ್ಯವೇನೆಂದು ಬರೆದು ತಿಳಿಸುತ್ತೇನೆಂದು ನೀನು ಹೇಳಿದ್ದೆ. ಹಿಮ ಬಿದ್ದು ಕಣಿವೆಯ ದಾರಿ ಮುಚ್ಚಿರುವುದರಿಂದ ಅಂಚೆ ಸುತ್ತಿಕೊಂಡು ಬರುತ್ತದೆ; ಬೇಗ ಬರೆ.

ನಿನ್ನ ಹೊಸ ವರ್ಷದ ಶುಭಾಶಯ ಪತ್ರವನ್ನು ತಿದ್ದಿ ಇದರೊಂದಿಗೆ ಇಟ್ಟಿದ್ದೇನೆ. ಆರು ಸಾಲಿನಲ್ಲಿ ಏಳು ತಪ್ಪು.

ಬಶೋರತ್ ನಿಜೋಮೊವಾ


ತಾಷ್ಕೆಂಟ್, ೨೪ ಜನವರಿ ೧೯೮೪

ಗೌರವಾನ್ವಿತ ಬಶೋರತ್ ಓಪಾ,

ಕಾಗದ ತಿದ್ದಿಸಿದೆ. ಕ್ಷಮಿಸಿ.

ರಕ್ತ ಹೆಪ್ಪುಗಟ್ಟದಿರಲು ಮಾತ್ರೆ ಬೆಳಿಗ್ಗೆ ಒಂದು, ಸಂಜೆ ಅರ್ಧ. ತಪ್ಪಿಸಬಾರದು. ಮೂತ್ರ ನಸುಗೆಂಪಾದರೆ ಹೆದರಬೇಡಿ, ಅದು ಮಾತ್ರೆಯ ಬಣ್ಣ. ಹದಿನೈದು ದಿನಕ್ಕೊಮ್ಮೆ ರಕ್ತಪರೀಕ್ಷೆ. ಸಂಖ್ಯೆ ಎಷ್ಟಿರಬೇಕೆಂದು ಅಲ್ಲಿಯ ವೈದ್ಯರಿಗೆ ಗೊತ್ತು.

ಪಥ್ಯ: ಹಸಿರು ಕಡಿಮೆ ಮಾಡಿ. ಆದಷ್ಟು ಬೇಡವೇ ಬೇಡ. ಅದು ಮಾತ್ರೆಯ ಕೆಲಸ ಕೆಡಿಸುತ್ತದೆ. ಉಳಿದದ್ದು ತಿನ್ನಬಹುದು.

ಸನೋಬರಳಿಗೆ ಮುತ್ತು. ತಪ್ಪುಗಳಿದ್ದರೆ ಮನ್ನಿಸಿ.

ನಿಮ್ಮ ಹುಲ್ಕರ್


ಚೂಸ್ತ್, ೧೨ ಫೆಬ್ರವರಿ ೧೯೮೪

ಪ್ರಿಯ ಹುಲ್ಕರ್,

ಪತ್ರ ಜನವರಿ ೩೧ರಂದು ಕೈಸೇರಿತು. ಅದನ್ನೂ ತಿದ್ದಿ ಮರಳಿಸುತ್ತಿದ್ದೇನೆ, ಮುನಿಯಬೇಡ. ತಪ್ಪನ್ನು ಕಂಡೂ ಸುಮ್ಮನಿರುವವಳು ನಿನ್ನ ಉಪಾಧ್ಯಾಯಿನಿಯಾಗಿರಲಿಲ್ಲ.

ಕಾಗುಣಿತದ ಮಾತು ಬಿಡು. 'ಹಸಿರು ಕಡಿಮೆ ಮಾಡಿ' ಎಂಬುದು ಎಂಥ ವಾಕ್ಯ? ಹಸಿರು ಎಂಬುದು ಗುಣವಾಚಕ. ಹುಲ್ಲೂ ಹಸಿರು, ನಮ್ಮ ಶಾಲೆಯ ಬಾಗಿಲೂ ಹಸಿರು, ಹೈನು ತುಂಬಿಕೊಂಡು ಹೋಗುವ ಲಾರಿಯೂ ಹಸಿರು. ವಿಶೇಷ್ಯವಿಲ್ಲದ ವಿಶೇಷಣ ಸವಾರನಿಲ್ಲದ ಕುದುರೆಯಿದ್ದಂತೆ. ಯಾರ ಅಂಗಳಕ್ಕೆ ನುಗ್ಗುವುದೋ ಹೇಳಲಾಗದು. ಬಿಟ್ಟುಹೋದ ನಾಮಪದವನ್ನು ನಾನೇ ತುಂಬಿಕೊಂಡು ಓದಿದ್ದೇನೆ. ತಾಷ್ಕೆಂಟಿನವರ ನಾಲಿಗೆಯ ರುಚಿ ನನಗೆ ತಿಳಿಯದ್ದೇನಲ್ಲ. ನಿನ್ನ ಭಾಷೆಯಲ್ಲೇ ಹೇಳುವುದಾದರೆ, 'ಹಸಿರು' ಈಗ ನಮ್ಮ ಹೊಸ್ತಿಲು ದಾಟುವುದಿಲ್ಲ. ಕಪಾಟಿನಲ್ಲಿದ್ದುದನ್ನೂ ನೆರೆಯವರಿಗೆ ಕೊಟ್ಟುಬಿಟ್ಟೆ.

ನಾನು ಕೆಂಪು ಶಾಯಿ ಹಿಡಿದು ಕುಳಿತಾಗ ಸನೋಬರ್, "ಅಮ್ಮಾ, ಅವಳೀಗ ಡಾಕ್ಟ್ರು. ನಾಲ್ಕ್ ಜನರ ಎದೆ ಕೊಯ್ದು ಹೊಲಿಯೋಳು. ಇನ್ನೂ ಒತ್ತು ದೀರ್ಘ ಅಂತ ಪ್ರಾಣ ತಿಂತೀಯಲ್ಲ, ಪಾಪ ಬಿಟ್ಬಿಡೇ" ಎಂದಳು. ಎದೆ ಹೊಲಿಯುವವರಿಗೆ ವಾಕ್ಯದಲ್ಲಿ ವಿನಾಯಿತಿ ಉಂಟೆಂದು ಯಾವ ವ್ಯಾಕರಣದಲ್ಲಿದೆ ಎಂದು ಕೇಳಿದೆ. "ನಿನ್ನ ಹತ್ರ ಓದಿದೋರೆಲ್ಲ ಊರು ಬಿಟ್ಟು ಹೋಗಿದ್ದು ಯಾಕೆ ಅಂತ ಈಗ ಗೊತ್ತಾಯ್ತು" ಎಂದು ನಕ್ಕಳು. ಮೆಟ್ಟಿಲು ಹತ್ತಿದರೂ ಏದುಸಿರಿಲ್ಲದ ನಗು. ಆ ನಗು ನೀನು ಕೊಟ್ಟದ್ದು. ಅದನ್ನು ನಾನು ಮರೆತಿಲ್ಲ.

ಬಶೋರತ್ ನಿಜೋಮೊವಾ


ತಾಷ್ಕೆಂಟ್, ೩ ಮಾರ್ಚ್ ೧೯೮೪

ಗೌರವಾನ್ವಿತ ಬಶೋರತ್ ಓಪಾ,

ಹಸಿರು ನಿಲ್ಲಿಸಿದ್ದೀರೆಂದು ಓದಿ ನೆಮ್ಮದಿಯಾಯಿತು. ವಸಂತ ಬಂದಾಗ ಏನಾಗುವುದೋ ಎಂಬುದೊಂದೇ ನನಗಿದ್ದ ಭಯ. ಈಗ ಅದಿಲ್ಲ.

ರಕ್ತದ ಸಂಖ್ಯೆ ಕಳಿಸಿ.

ಕೆಂಪು ಶಾಯಿಯ ಹಾಳೆ ಸಿಕ್ಕಿತು. ಒಂಬತ್ತು ತಪ್ಪು. ಇನ್ನು ಚಿಕ್ಕದಾಗಿ ಬರೆಯುತ್ತೇನೆ.

ಹುಲ್ಕರ್


ಚೂಸ್ತ್, ೩೦ ಮಾರ್ಚ್ ೧೯೮೪

ಪ್ರಿಯ ಹುಲ್ಕರ್,

ಅಂಕಗಳನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿ ಹೇಳುವ ಅಭ್ಯಾಸ ನನಗೆ ಎಂದೂ ಇರಲಿಲ್ಲ. ಮೇಲಿದ್ದವರಿಗೆ ಜಂಭ, ಕೆಳಗಿದ್ದವರಿಗೆ ಅವಮಾನ. ಆದುದರಿಂದ ಸಂಖ್ಯೆಗಳ ಪಟ್ಟಿ ಬೇಡ. ಫಲಿತಾಂಶ ಉತ್ತಮವೆಂದಷ್ಟೇ ತಿಳಿ. ಸನೋಬರ್ ಯಾವ ಪರೀಕ್ಷೆಯಲ್ಲಿಯೂ ಮೊದಲ ದರ್ಜೆಗಿಂತ ಕೆಳಗಿಳಿದವಳಲ್ಲ.

ನಮ್ಮ ವೈದ್ಯರನ್ನು ಬಿತ್ತನೆಯ ಕಾಲದ ತಪಾಸಣೆಗೆಂದು ದೂರದ ಹಳ್ಳಿಗಳಿಗೆ ಕಳಿಸಿದ್ದಾರೆ. ಪ್ರಯೋಗಶಾಲೆಯ ಹುಡುಗಿ ಒಬ್ಬಳೇ ಇದ್ದಾಳೆ. ಗಾಜಿನ ಕೊಳವೆಯನ್ನು ಬೆಳಕಿಗೆ ಹಿಡಿದು, "ಟೀಚರಮ್ಮ, ಆಪರೇಷನ್ ಆದೋರ ರಕ್ತ ಅಂದ್ರೆ ಯಾರೂ ನಂಬಲ್ಲ ನೋಡಿ. ನನ್ನದಕ್ಕಿಂತ ಚೆನ್ನಾಗಿದೆ" ಎಂದಳು. ಅವಳೂ ನನ್ನ ವಿದ್ಯಾರ್ಥಿನಿಯೇ, ಸುಳ್ಳಾಡುವವಳಲ್ಲ.

ಏಪ್ರಿಕಾಟ್ ಹೂಬಿಟ್ಟಿದೆ. ಸನೋಬರಳ ಕೆನ್ನೆಗೆ ಬಣ್ಣ ಬಂದಿದೆ. ಕಾಲಕ್ಕೆ ತಕ್ಕ ಆಹಾರ ಕೊಡುತ್ತಿದ್ದೇನೆ. ಅದರ ವಿವರ ವಿಜ್ಞಾನ ಓದಿದ ನಿನಗೆ ಬೇಡ. ಅಜ್ಜಿಯರ ಮಾತೆಂದು ನಗುವೆ.

ಬಶೋರತ್ ನಿಜೋಮೊವಾ


ಚೂಸ್ತ್, ೧೭ ಏಪ್ರಿಲ್ ೧೯೮೪

ಪ್ರಿಯ ಹುಲ್ಕರ್,

ಹದಿನೆಂಟು ದಿನಗಳಾದವು, ನಿನ್ನಿಂದ ಉತ್ತರವಿಲ್ಲ. ಪತ್ರಕ್ಕೆ ಉತ್ತರ ಬರೆಯದಿರುವುದು ಕಾಗುಣಿತದ ತಪ್ಪಿಗಿಂತ ದೊಡ್ಡದು. ನನ್ನ ಸಂಕೋಚವೇ ನಿನ್ನ ಮೌನಕ್ಕೆ ಕಾರಣವಿರಬಹುದೆಂದು ಈ ಸಲ ಎಲ್ಲವನ್ನೂ ಬರೆಯುತ್ತೇನೆ.

ಸಂಖ್ಯೆಗಳು: ಫೆಬ್ರವರಿಯಲ್ಲಿ ಐವತ್ತನಾಲ್ಕು, ಮಾರ್ಚ್ ಕೊನೆಗೆ ಎಪ್ಪತ್ತೊಂದು, ಮೊನ್ನೆ ತೊಂಬತ್ತಾರು. ನೂರಕ್ಕೆ ತೊಂಬತ್ತಾರು! ಇದಕ್ಕೆ ಕಾರಣ ನಿನ್ನ ಮಾತ್ರೆಯೊಂದೇ ಅಲ್ಲ. ವಸಂತದ ಮೊದಲ ಸೊಪ್ಪು ರಕ್ತವನ್ನು ಹೊಸದು ಮಾಡುತ್ತದೆಂದು ನಮ್ಮ ಹಿರಿಯರು ಹೇಳುತ್ತಿದ್ದುದು ನಿನಗೂ ನೆನಪಿರಬೇಕು. ಹೊಲದಂಚಿನ ಕುದುರೆಮಸಾಲೆಯ ಎಳೆಚಿಗುರು, ಪುದೀನ, ಪಾಲಕ್, ಈರುಳ್ಳಿಯ ಎಲೆ ಇವನ್ನು ನಾನೇ ಮುಂಜಾನೆ ಬಗ್ಗಿ ಕಿತ್ತು ತರುತ್ತೇನೆ. ವಾರಕ್ಕೆ ನಾಲ್ಕು ಸಲ ತಂದೂರಿನಲ್ಲಿ ಸೊಪ್ಪಿನ ಸೋಮ್ಸಾ. ಜನ ಇದನ್ನು 'ಹಸಿರು ಸೋಮ್ಸಾ' ಎನ್ನುತ್ತಾರೆ. ಹಿಟ್ಟು ಬಿಳಿಯದು, ಒಳಗಿರುವುದು ಸೊಪ್ಪು, ಹಸಿರು ಎಲ್ಲಿಂದ ಬಂತು? ಸನೋಬರ್ ಒಂದೇ ಸಲಕ್ಕೆ ಐದು ತಿನ್ನುತ್ತಾಳೆ. "ಅಮ್ಮಾ, ಇನ್ನು ಸ್ವಲ್ಪ ದಿನಕ್ಕೆ ನಾನು ಅಂಬಾ ಅಂತೀನಿ ನೋಡು. ಕೊಟ್ಟಿಗೇಲಿ ಜಾಗ ಮಾಡಿಡು" ಎನ್ನುತ್ತಾಳೆ.

ನಿನ್ನ ಪಥ್ಯವನ್ನೂ ಅಕ್ಷರಶಃ ಪಾಲಿಸಿದ್ದೇನೆ. ಜನವರಿ ೩೧ರಿಂದ ಈ ಮನೆಯಲ್ಲಿ ಒಂದು ಬಟ್ಟಲು ಹಸಿರು ಚಹಾ ಕುದಿದಿಲ್ಲ. ತಾಷ್ಕೆಂಟಿನವರಂತೆ ಕಪ್ಪು ಚಹಾ ಕುಡಿಯುತ್ತಿದ್ದೇವೆ. ಅವಳು, "ಒಂದೇ ಒಂದು ಗುಟುಕು ಕೊಡೇ ಅಮ್ಮಾ, ಇದು ಕುಡಿದ್ರೆ ತುಕ್ಕು ನೆಕ್ಕಿದಂಗಾಗತ್ತೆ" ಎಂದು ಅಂಗಲಾಚುತ್ತಾಳೆ. ಕೊಟ್ಟಿಲ್ಲ. ಕೊಡುವುದೂ ಇಲ್ಲ.

ಎದೆಯ ಟಿಕ್ ಟಿಕ್ ಸದ್ದೂ ಈಗ ಮೆತ್ತಗಾಗಿದೆ. ಹತ್ತಿರ ಕುಳಿತರಷ್ಟೇ ಕೇಳುತ್ತದೆ. ದೇಹ ಲೋಹವನ್ನು ತನ್ನದೆಂದು ಒಪ್ಪಿಕೊಳ್ಳುತ್ತಿರಬೇಕು.

ಬೇಸರದ ಸಂಗತಿ ಒಂದಿದೆ. ವೈದ್ಯೆಗೆ ಬರೆಯುವಂಥದಲ್ಲ, ಆದರೂ ನೀನು ಅವಳ ಗೆಳತಿ. ಸನೋಬರ್ ಭಾಷೆಯಲ್ಲಿ ಅಜಾಗರೂಕಳಾಗುತ್ತಿದ್ದಾಳೆ. ಕಳೆದ ಗುರುವಾರ ಊಟಕ್ಕೆ ಹಾಸಿದ ಬಟ್ಟೆಯ ಮುಂದೆ ಕುಳಿತು, "ಅಮ್ಮಾ, ಆ ಬಾಗಿಲು ಇತ್ತ ಕೊಡು, ಸುರ್ಕೋತೀನಿ" ಎಂದಳು. ಬಾಗಿಲಲ್ಲ, ಚಹಾಪಾತ್ರೆ ಎಂದೆ. "ಅದೇ. ಬಾಗಿಲು" ಎಂದು ಒಂದೇ ಕಡೆಯ ತುಟಿಯಲ್ಲಿ ನಕ್ಕಳು. ನನ್ನನ್ನು ಅಣಕಿಸುತ್ತಿದ್ದಾಳೆಂದು ಕೋಪ ಬಂತು. ಇಪ್ಪತ್ತೊಂಬತ್ತು ವರ್ಷದವಳೆಂಬುದನ್ನೂ ನೋಡದೆ, 'ಚಹಾಪಾತ್ರೆ' ಎಂದು ಇಪ್ಪತ್ತೈದು ಸಲ ಬರೆಯಿಸಿದೆ. ಕೊನೆಯ ಸಾಲುಗಳು ಹಾಳೆಯ ಅಂಚಿಗೆ ಜಾರಿಹೋಗಿದ್ದವು. ಎಂಥ ದುಂಡನೆಯ ಅಕ್ಷರ ಅವಳದು! ಒಂದು ಗಂಟೆಯಲ್ಲಿ ಸರಿಹೋಯಿತು. ನಿನ್ನೆ ಮತ್ತೆ ಟೋಪಿಯನ್ನು 'ಹೊಳೆ' ಎಂದಳು. ಮತ್ತೆ ಬರೆಯಿಸಿದೆ. ಈ ಮಾತ್ರೆಯಿಂದ ಗಮನ ಚದುರುವುದುಂಟೆ? ಬಿಡುವಾದಾಗ ತಿಳಿಸು, ಅವಸರವೇನೂ ಇಲ್ಲ.

ಬಶೋರತ್ ನಿಜೋಮೊವಾ


ತಂತಿ. ತಾಷ್ಕೆಂಟ್, ೨೭ ಏಪ್ರಿಲ್ ೧೯೮೪, ಬೆಳಿಗ್ಗೆ ೯.೪೦

ಸನೋಬರಳನ್ನು ಇಂದೇ ವಿಮಾನದಲ್ಲಿ ಕರೆತನ್ನಿ. ಹಸಿರು ಎಂದರೆ ಸೊಪ್ಪು. ಚಹಾ ಅಲ್ಲ. ಸೊಪ್ಪು. ಹುಲ್ಕರ್


ತಾಷ್ಕೆಂಟ್, ೧೯ ಮೇ ೧೯೮೪

ಬಶೋರತ್ ಓಪಾ,

ತಂತಿಗೆ ಉತ್ತರ ಬಾರದಿದ್ದಾಗ ನಿಮ್ಮ ಆಸ್ಪತ್ರೆಗೆ ಫೋನ್ ಮಾಡಿದೆ. ಪ್ರಯೋಗಶಾಲೆಯ ಹುಡುಗಿ ಎತ್ತಿದಳು. ಅವಳು ಅಳುತ್ತಿದ್ದುದರಿಂದ ನನಗೆ ಗೊತ್ತಾಯಿತು.

ಮೂರು ವಾರ ಈ ಪತ್ರ ಬರೆದು ಹರಿದೆ. ಈಗ ತಪ್ಪಿದ್ದರೂ ಕಳಿಸುತ್ತೇನೆ.

ಸೊಪ್ಪಿನಲ್ಲಿರುವ ಸತ್ವವೊಂದು ರಕ್ತ ಹೆಪ್ಪುಗಟ್ಟಲು ನೆರವಾಗುತ್ತದೆ. ನಮ್ಮ ಮಾತ್ರೆ ಅದಕ್ಕೇ ತಡೆ ಹಾಕುತ್ತದೆ. ಸೊಪ್ಪು ಒಮ್ಮೆಲೇ ಹೆಚ್ಚಾದರೆ ಮಾತ್ರೆ ಸೋಲುತ್ತದೆ. ಮಾತ್ರೆ ತಪ್ಪದೆ ನುಂಗುತ್ತಿದ್ದರೂ ಲೋಹದ ಮೇಲೆ ರಕ್ತ ಕೂರಲು ಶುರುವಾಗುತ್ತದೆ. ಅವಳ ಸಂಖ್ಯೆ ಐವತ್ತು, ಅರವತ್ತರೊಳಗೆ ಇರಬೇಕಿತ್ತು. ತೊಂಬತ್ತಾರು ನಿಮ್ಮ ನಮ್ಮಂಥವರಿಗೆ ಆರೋಗ್ಯ, ಅವಳಿಗಲ್ಲ. ಸದ್ದು ಮೆತ್ತಗಾದದ್ದು ಕವಾಟಕ್ಕೆ ಹೆಪ್ಪು ಮೆತ್ತಿದ್ದರಿಂದ. ಅದರ ಚೂರು ಮಿದುಳಿಗೆ ಹೋದರೆ ಮಾತು ತಪ್ಪುತ್ತದೆ. ಅವಳು ಅಣಕಿಸುತ್ತಿರಲಿಲ್ಲ.

ನಾನು ಮುಚ್ಚಿಟ್ಟದ್ದನ್ನು ಹೇಳುತ್ತೇನೆ. ಜನವರಿಯಲ್ಲಿ ಮೊದಲು ಎರಡು ಪುಟದ ಪತ್ರ ಬರೆದಿದ್ದೆ. ಅದರಲ್ಲಿ ಹನ್ನೊಂದು ಸೊಪ್ಪುಗಳ ಹೆಸರಿತ್ತು. ಅರ್ಧಕ್ಕರ್ಧ ಹೆಸರು ನನಗೆ ರಷ್ಯನ್‌ನಲ್ಲಿ ಮಾತ್ರ ಗೊತ್ತು. ನಮ್ಮ ಭಾಷೆಯಲ್ಲಿ ಯಾವುದಕ್ಕೆ ಯಾವ ಅಕ್ಷರವೆಂದು ತಿಳಿಯಲಿಲ್ಲ. ನೀವು ತಿದ್ದಿ ಕಳಿಸಿದ ಶುಭಾಶಯ ಪತ್ರ ಮೇಜಿನ ಮೇಲೇ ಇತ್ತು. ಮೂವತ್ತಕ್ಕೆ ಹತ್ತಿರವಾದ ನಾನು ಕೆಂಪು ಶಾಯಿಗೆ ಹೆದರಿದೆ. ಎರಡು ಪುಟ ಹರಿದು ಒಂದು ಸಾಲು ಬರೆದೆ. ನಮ್ಮ ಬೀದಿಯಲ್ಲಿ ಎಲ್ಲರೂ ಸೊಪ್ಪಿಗೆ ಹಸಿರು ಎಂದೇ ಅನ್ನುತ್ತಾರೆ. ಅದನ್ನು ಇನ್ನೊಂದು ರೀತಿ ಓದಬಹುದೆಂದು ಹೊಳೆಯಲಿಲ್ಲ.

ಇನ್ನೊಂದು ವಿಷಯ. ಇಲ್ಲಿ ವಿಚಾರಣೆ ನಡೆಯುತ್ತಿದೆ. ಪಥ್ಯವನ್ನು ಯಾರು ತಿಳಿಸಿದರು, ಯಾವ ದಿನ, ಹೇಗೆ, ಎದುರಿಗೆ ಯಾರಿದ್ದರು ಎಂದು ಕೇಳಿದ್ದಾರೆ. ಡಿಸೆಂಬರ್ ೨೮ರಂದು ಸನೋಬರಳನ್ನು ಕಳಿಸುವಾಗ ನಿಮಗೆ ಎಲ್ಲ ಸೊಪ್ಪುಗಳ ಹೆಸರನ್ನೂ ಬಾಯಿಮಾತಿನಲ್ಲಿ ವಿವರಿಸಿದೆ ಎಂದು ನಾನು ಬರೆದುಕೊಟ್ಟಿದ್ದೇನೆ. ಅದರ ಕೆಳಗೆ ನಿಮ್ಮ ಸಹಿ ಬೇಕು. ಸಹಿ ಇಲ್ಲದಿದ್ದರೆ ನನ್ನನ್ನು ವಾರ್ಡಿನಿಂದ ತೆಗೆಯುತ್ತಾರೆ. ಕೇಳಲು ನನಗೆ ಮುಖವಿಲ್ಲ. ಕೇಳಿದ್ದೇನೆ.

ಹುಲ್ಕರ್


ಚೂಸ್ತ್, ೮ ಜೂನ್ ೧೯೮೪

ಹುಲ್ಕರ್,

ಡಿಸೆಂಬರ್ ೨೮ರಂದು ನೀನು ನನಗೆ ಯಾವ ಸೊಪ್ಪಿನ ಹೆಸರನ್ನೂ ಹೇಳಲಿಲ್ಲ. 'ಪತ್ರ ಬರೀತೀನಿ ಓಪಾ, ಬಸ್ಸಿಗೆ ಹೊತ್ತಾಗುತ್ತೆ, ನೀವು ಹೊರಡಿ' ಎಂದೆ. ಆದುದರಿಂದ ನಿನ್ನ ಹೇಳಿಕೆಗೆ ಸಹಿ ಹಾಕಲಾರೆ, ಹಾಕದೆ ಮರಳಿಸಿದ್ದೇನೆ. ಬದಲಿಗೆ ವಿಚಾರಣಾ ಸಮಿತಿಗೆ ಈ ಪತ್ರವನ್ನು ಕೊಡು. ಇದರ ಕೆಳಗೆ ನನ್ನ ಸಹಿ ಇದೆ. ಇದನ್ನು ಓದಿದ ಮೇಲೂ ಅವರು ನಿನ್ನನ್ನು ತೆಗೆಯುವುದಾದರೆ ತೆಗೆಯಲಿ; ನಿನಗೆ ಅದರಿಂದ ಸಮಾಧಾನವೇ ಆದೀತು. ನನಗಾದರೆ ಆ ಅನುಕೂಲವೂ ಇಲ್ಲ. ನಾನು ನಿವೃತ್ತಳು.

ಸನೋಬರ್ ಏಪ್ರಿಲ್ ೨೬ರ ಬೆಳಿಗ್ಗೆ ತೀರಿಕೊಂಡಳು. ಕಿಟಕಿಯ ಬಳಿ ಕಸೂತಿಗೆ ಕುಳಿತಿದ್ದಳು. ಸೂಜಿ ಕೈಯಿಂದ ಜಾರಿತು. ನೆಲದ ಕಡೆ ನೋಡಿ, "ಅಮ್ಮಾ, ಮಳೆ ಎತ್ಕೊಡು" ಎಂದಳು. ನಾನು ಹಿಟ್ಟು ನಾದುತ್ತಿದ್ದೆ. ತಿರುಗಿ ನೋಡದೆಯೇ, "ಮಳೆಯಲ್ಲ, ಸೂಜಿ" ಎಂದೆ. ಅವಳ ಕಿವಿಗೆ ಬಿದ್ದ ನನ್ನ ಕೊನೆಯ ಮಾತು ಅದು. ತಿರುಗುವ ಹೊತ್ತಿಗೆ ಅವಳು ಬಲಗಡೆಗೆ ವಾಲಿದ್ದಳು. ಮಧ್ಯಾಹ್ನದೊಳಗೆ ಎಲ್ಲ ಮುಗಿಯಿತು. ಸಂಜೆಯೊಳಗೆ ಮಣ್ಣು ಮಾಡಿದೆವು. ನಿನ್ನ ತಂತಿಯನ್ನು ಮಾರನೆಯ ದಿನ ಅಂಚೆಯವನು ತಂದಾಗ ಅಂಗಳದಲ್ಲಿ ಗಂಡಸರು ಸಾವಿನ ಮನೆಯ ರೂಢಿಯಂತೆ ನಡುಪಟ್ಟಿ ಬಿಗಿದು ನಿಂತು ಬಂದವರನ್ನು ಎದುರುಗೊಳ್ಳುತ್ತಿದ್ದರು. ಅದರ ವಾಕ್ಯಗಳಲ್ಲಿ ಯಾವ ತಪ್ಪೂ ಇರಲಿಲ್ಲ.

ಸಮಿತಿಯ ಪ್ರಶ್ನೆಗೆ ಉತ್ತರ ಹೀಗಿದೆ.

ಪಥ್ಯವನ್ನು ತಿಳಿಸಿದ್ದು ಜನವರಿ ೨೪ರ ಪತ್ರದ ಮೂಲಕ. ಅದು ಜನವರಿ ೩೧ರ ಮಂಗಳವಾರ ಮಧ್ಯಾಹ್ನ ಬಂತು. ಅಂದು ನಮ್ಮ ಮನೆಯಲ್ಲಿ ನೆರೆಯ ಹೆಂಗಸರು ಹತ್ತಿಯ ರಜಾಯಿ ಹೊಲಿಯಲು ಸೇರಿದ್ದರು. ನನ್ನ ಶಿಷ್ಯೆ ರಾಜಧಾನಿಯಲ್ಲಿ ವೈದ್ಯೆಯೆಂಬುದನ್ನು ಎಲ್ಲರೂ ಕೇಳಲೆಂದು ಪತ್ರವನ್ನು ಗಟ್ಟಿಯಾಗಿ ಓದಿದೆ. 'ಹಸಿರು ಕಡಿಮೆ ಮಾಡಿ' ಎಂಬಲ್ಲಿಗೆ ಬಂದಾಗ ಅಂಜಿರತ್ ಅಜ್ಜಿ ದಾರವನ್ನು ಹಲ್ಲಿನಲ್ಲಿ ಕಡಿಯುತ್ತ, "ಹಸಿರು ಅಂದ್ರೆ ಸೊಪ್ಪು ಕಣೇ ಬಶೋರತ್. ನನ್ನ ಕಿರೀ ಸೊಸೆ ತಾಷ್ಕೆಂಟಿನೋಳಲ್ವಾ? 'ಅತ್ತೆ, ಹಸಿರು ತಂದೆ' ಅಂತಾಳೆ, ಚೀಲ ಬಿಚ್ಚಿದ್ರೆ ಪುದೀನ" ಎಂದಳು.

ಈ ಮಾತನ್ನು ನಾನು ನಿನಗೆ ಬರೆಯಲಿಲ್ಲ. ಯಾರಿಗೂ ಹೇಳಲಿಲ್ಲ.

ನಾನು ಹೇಳಿದೆ: "ಅಜ್ಜೀ, ಇದು ಓದು ಬರಹ ಬಲ್ಲವರು ಬರೆದ 'ಕಾಗದ'. ನಿನ್ನ ಸೊಸೆಯ ಸಂತೆ ಮಾತು ಇಲ್ಲಿ ನಡೆಯುವುದಿಲ್ಲ. ಹಸಿರು ಎಂಬುದರ ಮುಂದೆ ಚಹಾ ಬಿಟ್ಟುಹೋಗಿದೆ. ಅವರಿಗೆ ನಮ್ಮ ಚಹಾ ಕಂಡರೆ ಆಗದು, ಅಷ್ಟೆ."

ಎಲ್ಲರೂ ನಕ್ಕರು. ನಗಲಿ ಎಂದೇ ನಾನು ಹೇಳಿದ್ದು.

"ಆಯ್ತಮ್ಮ, ನಾನು ಹೆಬ್ಬೆಟ್ಟು. ಆ ನೂಲಿನುಂಡೆ ಇತ್ತ ಎಸಿ" ಎಂದಳು ಅಜ್ಜಿ.

ಸನೋಬರ್ ಮಾತ್ರ ನಗದೆ, "ಒಂದ್ ಸಾಲು ಬರ್ದು ಹುಲ್ಕರಳನ್ನೇ ಕೇಳ್ಬಿಡಮ್ಮ. ಐದ್ ಕೊಪೆಕ್ ಅಂಚೆಚೀಟಿ, ಹೋದ್ರೆ ಹೋಗ್ಲಿ" ಎಂದಳು. ವ್ಯಾಕರಣವೇ ಉತ್ತರ ಹೇಳುತ್ತಿರುವಾಗ ಕೇಳುವುದು ಅಜ್ಞಾನದ ಲಕ್ಷಣ ಎಂದೆ.

ಈ ಹೇಳಿಕೆ ನಿಜವೆಂದು ಪ್ರಮಾಣೀಕರಿಸುತ್ತೇನೆ. ಆ ಹೊತ್ತಿನಲ್ಲಿ ಕೋಣೆಯಲ್ಲಿ ಹಾಜರಿದ್ದವರು:

ತೋಜಿಖೋನ್ ಎರ್ಮಾತೊವಾ, ನೆರೆಯವಳು.
ಹದಿಚಾ ಎರ್ಮಾತೊವಾ, ಅವಳ ನಾದಿನಿ.
ಉಲ್ಮಸೋಯ್ ಬೋಯ್ಮಿರ್ಜಾಯೆವಾ, ಬೇಕರಿಯವಳು.
ಅಂಜಿರತ್ ಯೂಲ್ಚಿಯೆವಾ, ಅಕ್ಷರ ಬಾರದವಳು.
ಬಶೋರತ್ ನಿಜೋಮೊವಾ, ಮಾತೃಭಾಷೆಯ ಉಪಾಧ್ಯಾಯಿನಿ.
ಸನೋಬರ್ ಸೋಲಿಯೆವಾ.